ಅಂಡಮಾನಿನಲ್ಲಿ ಎರಡು ಸ್ಕೂಟರುಗಳ ವಾರಾಂತ್ಯ



ನೇಸ್ ಪಟ್ಟಣದಿಂದ ಡಬ್ಲಿನ್ ದಿಕ್ಕಿಗೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಜಾನ್ಸ್‌ಟೌನ್ ಎಂಬ ಪುಟ್ಟ ಊರು ಸಿಗುತ್ತದೆ. ಕರಿಬೇವಿನ ಸಸಿ ಸಿಕ್ಕೀತೇನೋ ಎಂಬ ಆಸೆಯಿಂದ ಅಲ್ಲಿನ ಗಿಡಗಳ ಅಂಗಡಿಗೆ ನಮ್ಮಲ್ಲಿ ಅನೇಕರು ಹೋಗಿ ಬಂದಿದ್ದೇವೆ. ಅದೇ ಊರಿನ ಪಾಳುಬಿದ್ದ ಹಳೆಯ ಚರ್ಚಿನಲ್ಲಿ, ಒಮ್ಮೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಮೇಯೋ ಅವರ ಸಮಾಧಿಯಿದೆ ಎಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ತಿಳಿಸಿದವಳು ನಮ್ಮ ಹದಿಮೂರರ ಮಗಳು. ಶಾಲೆಯಲ್ಲಿ ಸ್ಥಳೀಯ ಇತಿಹಾಸ ಕುರಿತು ಏನಾದರೂ ಬರೆದು ತರಬೇಕೆಂದಾಗ ಆಕೆ ಇದನ್ನು ಹುಡುಕಿದ್ದಳು.

ಮೇಯೋ ಅವರ ಮನೆ ಇದ್ದದ್ದು ಜಾನ್ಸ್‌ಟೌನ್ ಬಳಿಯ ಪಾಮರ್ಸ್‌ಟೌನ್‌ನಲ್ಲಿ. 1869ರಲ್ಲಿ ಭಾರತದ ವೈಸರಾಯ್ ಆದ ಅವರು 1872ರ ಫೆಬ್ರುವರಿ 8ರಂದು ಅಂಡಮಾನಿನ ಕೈದಿಗಳ ನೆಲೆಯನ್ನು ನೋಡಲು ತೆರಳಿದ್ದರು. ಸಂಜೆ ಮೌಂಟ್ ಹ್ಯಾರಿಯೆಟ್ ಬೆಟ್ಟ ಹತ್ತಿ, ಇಳಿದು ಬಂದು, ಕತ್ತಲಲ್ಲಿ ದೋಣಿ ಏರುವ ಹೊತ್ತಿಗೆ ಶೇರ್ ಅಲಿ ಆಫ್ರಿದಿ ಎಂಬ ಕೈದಿಯ ಚೂರಿಗೆ ಬಲಿಯಾದರು. ದೇಹವನ್ನು ಅಷ್ಟು ದೂರದಿಂದ ಈ ಊರಿಗೆ ತಂದು ಮಣ್ಣು ಮಾಡಲಾಯಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ನಾವು ಎಷ್ಟೋ ಬಾರಿ ದಾಟಿಹೋದ ಮೇಯೋ ಹಾಲ್ ಅವರ ನೆನಪಿಗೆ ಕಟ್ಟಿದ್ದು. ಅದು 1883ರಲ್ಲಿ ತೆರೆಯಿತು. ಬೆಂಗಳೂರು, ಅಂಡಮಾನ್, ನೇಸ್ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಮಗಳು, "ಅಪ್ಪಾ, ಎರಡನ್ನು ನೋಡಿದ್ದೇವೆ, ಮೂರನೆಯದು ಯಾವಾಗ?" ಎಂದು ಕೇಳಿದಳು. 2024ರ ಡಿಸೆಂಬರಿನ ರಜೆಗೆ ಊರಿಗೆ ಹೋಗುವ ಟಿಕೆಟ್ ಆಗಲೇ ಕೈಯಲ್ಲಿತ್ತು.

ಊರಿಗೆ ಹೋಗುವ ನಮ್ಮಂಥವರ ರಜೆಯ ಲೆಕ್ಕ ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ವಿಮಾನ ಟಿಕೆಟ್‌ಗಳಿಗೇ ಉಳಿತಾಯವೆಲ್ಲ ಕರಗಿರುತ್ತದೆ; ಉಳಿದ ದಿನಗಳು ನೆಂಟರಿಷ್ಟರ ಪಾಲು. ದಾವಣಗೆರೆಗೂ ಸಾಗರಕ್ಕೂ ಹಂಚಿಹೋದ ದಿನಗಳಲ್ಲಿ ಒಂದು ವಾರಾಂತ್ಯವನ್ನು ಮಾತ್ರ ನಮಗಾಗಿ ಎತ್ತಿಟ್ಟುಕೊಂಡೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮೊದಲೇ ನಿಶ್ಚಯಿಸಿದೆವು: ವೇಗದ ಖಾಸಗಿ ನೌಕೆಯ ಬದಲು ಸರ್ಕಾರಿ ಹಡಗು, ರೆಸಾರ್ಟಿನ ಬದಲು ಮನೆಯೊಂದರ ಎರಡು ಕೋಣೆ, ಟ್ಯಾಕ್ಸಿಯ ಬದಲು ಬಾಡಿಗೆ ಸ್ಕೂಟರ್.

ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆ. ಪೋರ್ಟ್ ಬ್ಲೇರ್ ಎಂದು ನಾವು ಪಾಠ ಓದಿದ ಊರಿಗೆ ಆ ವರ್ಷದ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂಬ ಹೆಸರು. ಬಂದರಿನಿಂದ ಹಡಗು ಹೊರಟಾಗ, ಈಗ ಮೌಂಟ್ ಮಣಿಪುರ ಎಂದು ಹೆಸರಾದ ಆ ಮೌಂಟ್ ಹ್ಯಾರಿಯೆಟ್ ಸಾಲು ನೀರಿನಾಚೆ ಹಸಿರಾಗಿ ಕಂಡಿತು. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂಬದಿಯ ತೆಂಗಿನ ಮರಗಳ ಚಿತ್ರ ಅಂಡಮಾನಿನದೇ ನೋಟ. ಅಜ್ಜಿ ಕೊಟ್ಟಿದ್ದ ಅಂಥದೊಂದು ನೋಟನ್ನು ಮಗ ಜೇಬಿನಿಂದ ತೆಗೆದು, ದಡದ ಕಡೆಗೆ ಹಿಡಿದು ಹೋಲಿಸಿ ನೋಡಿದ.

ನಾವು ಹೋದದ್ದು ಸ್ವರಾಜ್ ದ್ವೀಪಕ್ಕೆ; 2018ರ ಡಿಸೆಂಬರಿಗೆ ಮೊದಲು ಅದರ ಹೆಸರು ಹ್ಯಾವ್‌ಲಾಕ್. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ನೆಲೆಗೊಳಿಸಿದ ದ್ವೀಪವಿದು. ಗೋವಿಂದನಗರ, ರಾಧಾನಗರ, ಕೃಷ್ಣನಗರ, ಶ್ಯಾಮನಗರ: ಎಲ್ಲವನ್ನೂ ಕಳೆದುಕೊಂಡು ಬಂದವರು ತಮ್ಮೊಡನೆ ತಂದ ಹೆಸರುಗಳು ಇವು. ಪರದೇಶದಲ್ಲಿ ಮನೆಯ ಬಾಗಿಲಿಗೆ ಕನ್ನಡದ ಹೆಸರಿಡುವ ನಮಗೆ ಇದು ಬೇಗನೆ ಅರ್ಥವಾಯಿತು. ಅಂಗಳಗಳಲ್ಲಿ ಅಡಿಕೆ ಒಣಗುತ್ತಿದ್ದುದನ್ನು ಕಂಡು ನಮ್ಮ ಮನೆಯವರು, "ಇದೇನು, ಸಮುದ್ರ ದಾಟಿ ಮತ್ತೆ ಸಾಗರಕ್ಕೇ ಬಂದೆವೇ?" ಎಂದು ನಕ್ಕರು.

ಶನಿವಾರ ಬೆಳಿಗ್ಗೆ ಎರಡು ಸ್ಕೂಟರ್ ಪಡೆದೆವು, ಒಂದಕ್ಕೆ ದಿನಕ್ಕೆ 500 ರೂಪಾಯಿಯಂತೆ. ಇಲ್ಲಿಂದ ಮುಂದಿನದು ಸ್ವಲ್ಪ ಸಂಕೋಚದಿಂದಲೇ ಹೇಳಬೇಕಾದ ಮಾತು.

ಅಂಗಡಿಯವನು ಲೈಸೆನ್ಸ್ ಕೇಳಿದ. ನಮ್ಮ ಮನೆಯವರು ಹಿಂದಿನ ರಜೆಯಲ್ಲಿಯೇ ಊರಿನಲ್ಲಿ ತಮ್ಮದನ್ನು ನವೀಕರಿಸಿಕೊಂಡಿದ್ದರು. "ಮುಂದಿನ ಸಲ ನೋಡೋಣ" ಎಂದು ಬಿಟ್ಟವರು ನಾವು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ 2001ರಲ್ಲಿ ಪಡೆದ ಲೈಸೆನ್ಸಿನ ಅವಧಿ 2021ರಲ್ಲಿಯೇ ಮುಗಿದಿತ್ತು. ಐರ್ಲೆಂಡಿನಲ್ಲಿ ಮತ್ತೆ ಮೊದಲಿನಿಂದ ಪಾಠ ಕಲಿತು, ಪರೀಕ್ಷೆ ಕೊಟ್ಟು ಪಡೆದದ್ದು ಕಾರಿನದು, ಅಂದರೆ ಬಿ ವರ್ಗದ್ದು. 110 ಸಿಸಿ ಸ್ಕೂಟರಿಗೆ ಅದು ಸಲ್ಲದು. ಇದೆಲ್ಲ ಗೊತ್ತಿದ್ದೂ ಹಳೆಯ ಕಾರ್ಡನ್ನೇ ಮುಂದಿಟ್ಟೆವು. ಆತ ಭಾವಚಿತ್ರವನ್ನಷ್ಟೇ ನೋಡಿ ಹಿಂದಿರುಗಿಸಿದ. ಆತ ದಿನಾಂಕ ಓದಲಿಲ್ಲ. ನಾವು ಹೇಳಲೂ ಇಲ್ಲ.

ಹೆಲ್ಮೆಟ್ ಕೊಟ್ಟದ್ದು ಎರಡು, ಓಡಿಸುವವರಿಗೆ ಮಾತ್ರ. ಮಕ್ಕಳಿಗೆ ಕೇಳಿದಾಗ, "ಇಲ್ಲಿ ಯಾರೂ ಹಾಕುವುದಿಲ್ಲ ಸಾಬ್" ಎಂಬ ಉತ್ತರ ಬಂತು. ನಮ್ಮ ಸಂಘದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ತಲೆಪೆಟ್ಟಿನ ಬಗ್ಗೆ ಅರ್ಧ ಗಂಟೆ ಮಾತನಾಡಿದವರು ನಾವೇ ಎಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆದರೂ ನೀಲಿ ಸಮುದ್ರ, ಸಣ್ಣ ರಸ್ತೆ, ಒಂದೇ ದಿನ ಎಂಬ ಮೂರು ನೆಪಗಳು ಸಾಕಾದವು. ಮಗಳನ್ನು ನಮ್ಮ ಹಿಂದೆ, ಮಗನನ್ನು ತಾಯಿಯ ಹಿಂದೆ ಕೂರಿಸಿಕೊಂಡು ಹೊರಟೆವು.

ಕಾಲಾಪತ್ಥರ್ ಕಡಲತೀರದ ರಸ್ತೆ ಬಹುಪಾಲು ನೀರಿನ ಪಕ್ಕದಲ್ಲಿಯೇ ಸಾಗುತ್ತದೆ. ನೇಸ್‌ನಲ್ಲಿ ಬೆಳಿಗ್ಗೆ ಎಂಟೂವರೆಗೂ ಬೆಳಕು ಹರಿಯದ ಆ ತಿಂಗಳಿನಲ್ಲಿ, ಅಂಗೈ ಬೆಚ್ಚಗಾಗುವ ಬಿಸಿಲಿನಲ್ಲಿ ಸ್ಕೂಟರ್ ಓಡಿಸುವ ಸುಖವನ್ನು ಬಣ್ಣಿಸಿದಷ್ಟೂ ಕಡಿಮೆಯೇ. ಇಷ್ಟವಾದಲ್ಲಿ ನಿಂತೆವು, ಎಳನೀರು ಕುಡಿದೆವು, ಕಪ್ಪು ಬಂಡೆಗಳ ನಡುವಿನ ನೀರಿನಲ್ಲಿ ಮಕ್ಕಳು ಏಡಿಗಳನ್ನು ಹುಡುಕಿದರು. ಟ್ಯಾಕ್ಸಿಯವರ ಗಡಿಯಾರದ ಹಂಗಿಲ್ಲದ ಆ ಬೆಳಗು, ಬಡವರ ಪ್ರವಾಸವೇ ನಿಜವಾದ ಪ್ರವಾಸ ಎನಿಸುವಂತೆ ಮಾಡಿತು.

ಹಿಂದಿರುಗುವಾಗ ಮಗಳು ಮೆಲ್ಲನೆ ಕೇಳಿದಳು: "ಅಪ್ಪಾ, ನೇಸ್‌ನಲ್ಲಿ ಹೆಲ್ಮೆಟ್ ಇಲ್ಲದೆ ನನ್ನನ್ನು ಕಾಲುವೆ ದಾರಿಯಲ್ಲಿ ಸೈಕಲ್ ಓಡಿಸಲೂ ಬಿಡುವುದಿಲ್ಲ. ಇಲ್ಲಿನ ರಸ್ತೆ ಮೆತ್ತಗಿದೆಯೇ?"

ಉತ್ತರ ಕೊಡುವ ಮುಖ ನಮಗಿರಲಿಲ್ಲ. ಊಟಕ್ಕೆ ಮೊದಲೇ ಅಂಗಡಿಗೆ ಮರಳಿ, ಬೇಕೇ ಬೇಕೆಂದು ಹಟ ಹಿಡಿದಾಗ ಆತ ಒಳಗಿನಿಂದ ಇನ್ನೆರಡನ್ನು ತಂದ. ದಿನಕ್ಕೆ 50 ರೂಪಾಯಿ. ಮಗನದು ತೀರಾ ಸಡಿಲ, ಮಗಳದು ಪರವಾಗಿಲ್ಲ. ಮಗನಿಗೆ ಸರಿಹೊಂದುವುದು ಸಿಗುವವರೆಗೆ ನಾಲ್ಕು ಅಂಗಡಿ ಅಲೆದೆವು. ಒಂದು ಗಂಟೆ ಹಾಳಾಯಿತೆಂದು ಆಗ ಗೊಣಗಿಕೊಂಡದ್ದೂ ನಿಜ.

ಮಧ್ಯಾಹ್ನ ಅನ್ನ, ಬೇಳೆ, ಮೀನಿನ ಸಾರು ಉಂಡು ರಾಧಾನಗರದ ಕಡೆಗೆ ಹೊರಟೆವು. ಹಡಗುಕಟ್ಟೆಯಿಂದ ಸುಮಾರು 12 ಕಿಲೋಮೀಟರ್. ಏರಿಳಿತ, ತಿರುವು, ಎತ್ತರದ ಮರಗಳ ಕಾಡು. ಆ ಕಡಲತೀರವನ್ನು ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲಿಯೇ ಶ್ರೇಷ್ಠವೆಂದು ಕರೆದಿತ್ತು. ಹಿಟ್ಟಿನಷ್ಟು ನುಣುಪಾದ ಬಿಳಿಯ ಮರಳು, ಅದರ ಅಂಚಿನವರೆಗೂ ಬಂದು ನಿಂತ ಕಾಡು. ಅಂಡಮಾನ್ ನಮ್ಮ ದೇಶದ ಪೂರ್ವದ ಅಂಚಿನಲ್ಲಿದ್ದರೂ ಗಡಿಯಾರ ಮಾತ್ರ ಇಡೀ ಭಾರತದ್ದೇ; ಆದ್ದರಿಂದ ಡಿಸೆಂಬರಿನಲ್ಲಿ ಸಂಜೆ ಐದು ದಾಟುತ್ತಿದ್ದಂತೆಯೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಐರ್ಲೆಂಡಿನಲ್ಲಿ ಮುಳುಗಿದ ಮೇಲೂ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಉಷ್ಣವಲಯದಲ್ಲಿ ಹಾಗಿಲ್ಲ: ಸೂರ್ಯ ನೇರವಾಗಿ ಇಳಿಯುವುದರಿಂದ ಅರ್ಧ ಗಂಟೆಯೊಳಗೆ ಗಾಢ ಕತ್ತಲು. ಹುಟ್ಟಿ ಬೆಳೆದ ನಾಡಿನ ಈ ಸಾಮಾನ್ಯ ಸಂಗತಿಯನ್ನು ಹದಿನೈದು ವರ್ಷಗಳ ಪರದೇಶವಾಸದಲ್ಲಿ ಮರೆತಿದ್ದೆವು. "ಇನ್ನೊಂದು ಐದು ನಿಮಿಷ" ಎಂದು ಮಕ್ಕಳು ಅಂದರು. ನಾವೂ ಅಂದೆವು.

ಹೊರಡುವಾಗ ಕಾಡಿನ ರಸ್ತೆ ಕಪ್ಪಾಗಿತ್ತು. ಇಳಿಜಾರಿನ ಒಂದು ತಿರುವಿನಲ್ಲಿ, ಎದುರಿನ ವಾಹನದ ದೀಪ ಕಣ್ಣಿಗೆ ರಾಚಿತು. ಬ್ರೇಕ್ ಒತ್ತಿದೆವು. ಕೆಳಗಿದ್ದದ್ದು ಸಡಿಲ ಮರಳು. ಸ್ಕೂಟರ್ ಬಲಕ್ಕೆ ವಾಲಿ ಮಲಗಿತು. ವೇಗ 25 ಇದ್ದಿರಬಹುದು, ಹೆಚ್ಚಲ್ಲ. ಆದರೆ ಮಗಳ ಹೆಲ್ಮೆಟ್ ಟಾರಿಗೆ ಉಜ್ಜಿದ ಸದ್ದು ನಮ್ಮ ಕಿವಿಯಲ್ಲಿ ಇಂದಿಗೂ ಇದೆ.

ಆಕೆ ಎದ್ದು ಕುಳಿತಳು. ಹೆಸರು, ದಿನ, ಊರು ಕೇಳಿದೆವು, ಸರಿಯಾಗಿ ಹೇಳಿದಳು. ಮಂಡಿ, ಮೊಣಕೈ ತರಚಿದ್ದವು. ಬಲ ಮೀನಖಂಡಕ್ಕೆ ಸೈಲೆನ್ಸರ್ ತಾಗಿ ಅಂಗೈಯಗಲ ಸುಟ್ಟಿತ್ತು. ಹತ್ತಿರದ ಚಹಾ ಅಂಗಡಿಯ ಬಂಗಾಳಿ ತಾಯಿಯೊಬ್ಬರು ಒಂದು ಕೈಯಲ್ಲಿ ನೀರಿನ ಬಕೆಟ್, ಇನ್ನೊಂದರಲ್ಲಿ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು. ಪೇಸ್ಟನ್ನು ನಯವಾಗಿ ನಿರಾಕರಿಸಿ, ಕಾಲ್ಗೆಜ್ಜೆ ಬಿಚ್ಚಿ, 20 ನಿಮಿಷ ಬಿಡದೆ ನೀರು ಸುರಿದೆವು. ಬಕೆಟ್ ಬರಿದಾದಂತೆಲ್ಲ ಆ ತಾಯಿ ತುಂಬಿ ತಂದರು. ಭಾಷೆ ಬಾರದಿದ್ದರೂ "ಮಾ, ಮಾ" ಎನ್ನುತ್ತ ಮಗಳ ಬೆನ್ನು ಸವರುತ್ತಿದ್ದರು. ಹಣ ಕೊಡಹೋದಾಗ ಕೋಪಿಸಿಕೊಂಡರು.

ಕೊನೆಗೆ, ಬೇಡವೆಂದಿದ್ದ ಟ್ಯಾಕ್ಸಿಯಲ್ಲಿಯೇ ದ್ವೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಕರ್ತವ್ಯದಲ್ಲಿದ್ದ ಯುವ ವೈದ್ಯರು ಅಚ್ಚುಕಟ್ಟಾಗಿ ಪರೀಕ್ಷಿಸಿ, ಗಾಯ ತೊಳೆದು, ಪಟ್ಟಿ ಕಟ್ಟಿದರು. ಆಮೇಲೆ ದಾಖಲೆ ಪುಸ್ತಕ ತೆರೆದು ಕೇಳಿದರು: "ಹೆಲ್ಮೆಟ್ ಇತ್ತೇ? ಓಡಿಸುತ್ತಿದ್ದವರಿಗೆ ಲೈಸೆನ್ಸ್ ಇದೆಯೇ?" ಇದೇ ಪ್ರಶ್ನೆಗಳನ್ನು ನಾವು ಮೇಜಿನ ಈ ಬದಿಯಲ್ಲಿ ಕುಳಿತು ಎಷ್ಟು ಜನರಿಗೆ ಕೇಳಿದ್ದೇವೋ! ಪಕ್ಕದಲ್ಲಿ ಮಗಳಿದ್ದಳು. "ಹೆಲ್ಮೆಟ್ ಇತ್ತು. ಲೈಸೆನ್ಸ್ ಅವಧಿ ಮುಗಿದಿದೆ" ಎಂದೆವು. ಅವರು ತಲೆಯೆತ್ತಿ ಒಮ್ಮೆ ನೋಡಿ, ಬರೆದುಕೊಂಡರು. ಉಪದೇಶ ಮಾಡಲಿಲ್ಲ. ನಾವೂ ವೈದ್ಯರೆಂದು ಹೇಳಿಕೊಳ್ಳುವ ಧೈರ್ಯ ನಮಗಾಗಲಿಲ್ಲ.

ಆ ರಾತ್ರಿ ತಲೆಪೆಟ್ಟಿನ ಲಕ್ಷಣಗಳಿಗಾಗಿ ಮಗಳನ್ನು ಗಮನಿಸುತ್ತ ಎಚ್ಚರವಿದ್ದಾಗ ಲೆಕ್ಕ ಹಾಕಿದೆವು. ಸ್ಕೂಟರಿನಿಂದ ಉಳಿದದ್ದು ಹೆಚ್ಚೆಂದರೆ 2000 ರೂಪಾಯಿ. 25 ಯೂರೋಗಿಂತ ಕಡಿಮೆ. ನಮ್ಮ ಪ್ರಯಾಣ ವಿಮೆಯ ಕರಾರನ್ನು ಫೋನಿನಲ್ಲಿ ತೆರೆದು ಓದಿದಾಗ, ಆ ವಾಹನಕ್ಕೆ ಸಲ್ಲುವ ಲೈಸೆನ್ಸ್ ಇಲ್ಲದೆ ಓಡಿಸಿದರೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಪೆಟ್ಟು ದೊಡ್ಡದಾಗಿ, ದ್ವೀಪದಿಂದ ರಾಜಧಾನಿಗೆ, ಅಲ್ಲಿಂದ ಚೆನ್ನೈಗೆ ಸಾಗಿಸಬೇಕಾಗಿ ಬಂದಿದ್ದರೆ? ಎದುರಿಗೆ ಬಂದ ಯಾರಿಗಾದರೂ ನಾವೇ ಗುದ್ದಿದ್ದರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಂದು ಅಡಿಕೆಗಾಗಿ ನಾವು ಪಣಕ್ಕಿಟ್ಟದ್ದು ಮಾನಕ್ಕಿಂತಲೂ ದೊಡ್ಡದು.

ಆದ್ದರಿಂದ, ರಜೆಗೆ ಹೊರಡುವ ಕುಟುಂಬಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಗೋವೆಯಿರಲಿ, ಬಾಲಿಯಿರಲಿ, ಗ್ರೀಸಿನ ದ್ವೀಪಗಳಿರಲಿ, ಬಾಡಿಗೆ ಸ್ಕೂಟರ್ ಪಡೆಯುವ ಮುನ್ನ ನಿಮ್ಮ ಲೈಸೆನ್ಸಿನಲ್ಲಿ ದ್ವಿಚಕ್ರದ ವರ್ಗವಿದೆಯೇ, ಅವಧಿ ಉಳಿದಿದೆಯೇ ನೋಡಿಕೊಳ್ಳಿ. ಕಾರಿನ ಲೈಸೆನ್ಸಿನ ಮೇಲೆ ಪಡೆದ ಅಂತಾರಾಷ್ಟ್ರೀಯ ಪರವಾನಗಿ ಕಾರಿಗಷ್ಟೇ ಸಲ್ಲುತ್ತದೆ. ವಿಮೆಯ ಕರಾರಿನಲ್ಲಿ ದ್ವಿಚಕ್ರದ ಸಾಲನ್ನು ಮನೆಯಲ್ಲಿಯೇ ಓದಿ. ಭಾರತದ ಕಾನೂನಿನಂತೆ ನಾಲ್ಕು ವರ್ಷ ಮೀರಿದ ಎಲ್ಲರಿಗೂ, ಹಿಂದೆ ಕೂತವರಿಗೂ, ಹೆಲ್ಮೆಟ್ ಕಡ್ಡಾಯ. ಮಕ್ಕಳದನ್ನು ಇಲ್ಲಿಂದಲೇ ಒಯ್ದರೂ ನಷ್ಟವಿಲ್ಲ. ಕತ್ತಲಾಗುವ ಮೊದಲು ಕೋಣೆ ಸೇರಿ. ಸುಟ್ಟರೆ 20 ನಿಮಿಷ ತಣ್ಣೀರು. ಮಂಜುಗಡ್ಡೆ, ಪೇಸ್ಟ್, ಅರಿಸಿನ ಬೇಡ. ಅಂಡಮಾನಿಗೇ ಹೋಗುವ ಐರಿಷ್ ಪಾಸ್‌ಪೋರ್ಟಿನವರು ಪರವಾನಗಿಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಊಟದಲ್ಲಿ, ಕೋಣೆಯಲ್ಲಿ, ಹಡಗಿನಲ್ಲಿ ಧಾರಾಳವಾಗಿ ಉಳಿಸಿ. ಅಲ್ಲಿ ಉಳಿಸಿದ್ದಕ್ಕೆ ನಮಗೆ ಸ್ವಲ್ಪವೂ ಪಶ್ಚಾತ್ತಾಪವಿಲ್ಲ.

ಭಾನುವಾರ ಸ್ಕೂಟರುಗಳನ್ನು ಹಿಂದಿರುಗಿಸುವಾಗ ಅಂಗಡಿಯವನಿಗೆ ಲೈಸೆನ್ಸಿನ ನಿಜವನ್ನೂ ಹೇಳಿದೆವು. ಗೀರು ಬಿದ್ದ ಸ್ಕೂಟರಿಗೂ ಹೆಲ್ಮೆಟ್‌ಗೂ ಆತ ಕೇಳಿದಷ್ಟು ಕೊಟ್ಟೆವು. ಹೆಲ್ಮೆಟನ್ನು ಮತ್ತಾರಿಗೂ ಕೊಡಬಾರದು, ಒಮ್ಮೆ ಪೆಟ್ಟು ತಿಂದದ್ದು ಮತ್ತೆ ಕಾಯುವುದಿಲ್ಲ ಎಂದು ವಿವರಿಸಿ, ನಾವೇ ತೆಗೆದುಕೊಂಡು ಬಂದೆವು.

ಜನವರಿಯ ಒಂದು ಭಾನುವಾರ, ಜಿನುಗು ಮಳೆಯಲ್ಲಿ ನಾಲ್ವರೂ ಜಾನ್ಸ್‌ಟೌನ್‌ನ ಹಳೆಯ ಚರ್ಚಿಗೆ ಹೋದೆವು. ಮಗಳು ಸಮಾಧಿಯ ಮುಂದೆ ನಿಂತು ತಮ್ಮನಿಗೆ ಹೇಳುತ್ತಿದ್ದಳು: "ಇವರೂ ನಮ್ಮ ಹಾಗೆಯೇ ಬೆಟ್ಟದಿಂದ ಕತ್ತಲಲ್ಲಿ ಇಳಿದರು. ಆದರೆ ಮನೆಗೆ ನಡೆದು ಬರಲಿಲ್ಲ." ಆಕೆಯ ಕಾಲಿನ ಕಲೆ ನಿಧಾನವಾಗಿ ಮಾಸುತ್ತಿದೆ. ಹೆಲ್ಮೆಟ್ ನಮ್ಮ ಗ್ಯಾರೇಜಿನ ಗೋಡೆಯಲ್ಲಿ, ಸೈಕಲ್‌ಗಳ ಮೇಲೆ ತೂಗುತ್ತಿದೆ. ನೋಡಬೇಕೆನಿಸಿದವರು ಚಹಾ ಕುಡಿಯುವ ನೆಪದಲ್ಲಿ ಬನ್ನಿ. ಊರಿನಿಂದ ತಂದ ಚಕ್ಕುಲಿ ಇನ್ನೂ ಸ್ವಲ್ಪ ಉಳಿದಿದೆ.