ಮೇಷ್ಟ್ರೇ, ಯಾವ ಗಾಡಿ ಕೊಡಿಸಲಿ?

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ನಾನು ಹಿತ್ತಿಲಲ್ಲಿ ಅವರೆಗಿಡಕ್ಕೆ ನೀರು ಬಿಡುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮಗನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹುಡುಗ ಎರಡನೇ ಪಿಯುಸಿ. ನಮ್ಮ ಶಾಲೆಯಲ್ಲಿ ಓದುತ್ತಿದ್ದಾಗ ವಿಜ್ಞಾನದಲ್ಲಿ ಚುರುಕಾಗಿದ್ದವನು. ಅಂದು ಮಾತ್ರ ಚಾಪೆಯ ಎಳೆ ಕೀಳುತ್ತಾ ನೆಲ ನೋಡುತ್ತಿದ್ದ.

‘ಮೇಷ್ಟ್ರೇ, ಇವ್ನಿಗೆ ಗಾಡಿ ಬೇಕಂತೆ. ಡೇರಿಗೆ ಹಾಲು ಹಾಕಿದ ದುಡ್ಡು ಕೂಡಿಟ್ಟಿದೀನಿ. ಯಾವ್ದು ಕೊಡಿಸ್ಲಿ ನೀವೇ ಹೇಳಿ. ಇನ್ನೂರು ಸಿಸಿದೇ ಆಗ್ಬೇಕು ಅಂತ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.’

ಕೇಳಿದ್ದು ತಪ್ಪೇನಲ್ಲ. ಸಾವನದುರ್ಗದ ಸುತ್ತಿನ ಹಳ್ಳಿಗಳಿಂದ ಮಾಗಡಿಗೆ ಹತ್ತು ಹನ್ನೆರಡು ಕಿ.ಮೀ. ಬಸ್ಸು ನಮ್ಮ ಅನುಕೂಲಕ್ಕೆ ಬರುವುದಿಲ್ಲ, ನಾವೇ ಬಸ್ಸಿನ ಅನುಕೂಲಕ್ಕೆ ಹೋಗಬೇಕು. ಆದರೆ ಇನ್ನೂರು ಸಿಸಿಯ ಆಸೆ ಹುಟ್ಟಿದ್ದು ಬಸ್ಸಿನಿಂದಲ್ಲ. ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ಸಾಲುಸಾಲಾಗಿ ಬೈಕುಗಳು ಬರುತ್ತವೆ. ಕರಿಗುಡ್ಡದ ಬುಡದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಹುಡುಗರು ವೀರಭದ್ರಸ್ವಾಮಿ ಗುಡಿಯ ಕಡೆಯಿಂದ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆ ಸವಾರರು ಮೊಣಕಾಲಿಗೆ ಕವಚ, ಕೈಗೆ ದಪ್ಪ ಗ್ಲೌಸು ಹಾಕಿರುವುದು ಮಾತ್ರ ಇವರ ಕಣ್ಣಿಗೆ ಬೀಳುವುದೇ ಇಲ್ಲ.

‘ನಿನಗೆ ಹದಿನೆಂಟು ತುಂಬಿತೇನೋ?’ ಎಂದೆ.

‘ಇನ್ನು ಮೂರು ವಾರ ಸಾರ್.’

‘ಈಗ ಓಡಿಸ್ತೀಯಾ?’

ತಂದೆಯೇ ಹೆಮ್ಮೆಯಿಂದ ಹೇಳಿದರು: ‘ಓ, ಅವರ ಮಾವನ ಗಾಡೀಲಿ ಮಾಗಡಿಗೇ ಹೋಗಿಬರ್ತಾನೆ!’

ನಾನು ನೀರು ನಿಲ್ಲಿಸಿ ಬಂದು ಕುಳಿತೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವೆಸಗಿದರೆ ತಪ್ಪು ಪೋಷಕರದು ಅಥವಾ ಗಾಡಿಯ ಮಾಲೀಕರದು. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ತಂದೆಯ ಮುಖದ ಹೆಮ್ಮೆ ಇಳಿದುಹೋಯಿತು. ಹುಡುಗ ಮೊದಲ ಸಲ ತಲೆಯೆತ್ತಿದ. ‘ಹದಿನಾರಕ್ಕೇ ಕೊಡ್ತಾರಂತಲ್ಲ ಸಾರ್?’

ಕೊಡುತ್ತಾರೆ, ಸುಳ್ಳಲ್ಲ. 1988ರ ಕಾಯ್ದೆಯ ಪ್ರಕಾರ 16 ತುಂಬಿದವರು 50 ಸಿಸಿ ಮೀರದ ಗಾಡಿ ಓಡಿಸಬಹುದು, ಪೋಷಕರ ಲಿಖಿತ ಒಪ್ಪಿಗೆ ಇದ್ದರೆ. ಆ ಕಾಯ್ದೆ ಬರೆದ ಕಾಲಕ್ಕೆ ಊರ ತುಂಬ ಲೂನಾ, ಟಿವಿಎಸ್ 50. ಈಗ ಷೋರೂಮಿಗೆ ಹೋಗಿ 50 ಸಿಸಿಯ ಪೆಟ್ರೋಲ್ ಗಾಡಿ ಕೇಳಿದರೆ ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಮೊಪೆಡ್ಡಿನಂತೆ ಕಾಣುವ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ ನೂರು ಸಿಸಿಯದು. ‘ಮೊಪೆಡ್ ತಾನೆ’ ಎಂದು ಹೈಸ್ಕೂಲು ಮಕ್ಕಳ ಕೈಗೆ ಅದನ್ನು ಕೊಡುವ ತಂದೆ ತಾಯಿಗಳು ಇದನ್ನು ದಯವಿಟ್ಟು ಗಮನಿಸಬೇಕು. ಬ್ಯಾಟರಿ ಗಾಡಿಯಾದರೆ, ಗಂಟೆಗೆ 25 ಕಿ.ಮೀ. ದಾಟದ, 250 ವಾಟ್ ಮೀರದ ಚಿಕ್ಕವಕ್ಕೆ ಮಾತ್ರ ಲೈಸೆನ್ಸ್ ಬೇಡ, ಉಳಿದವಕ್ಕೆ ಬೇಕು.

ನಾನು 1996ರಲ್ಲಿ ಮೇಷ್ಟ್ರಾಗಿ ಸೇರಿದಾಗ ನನ್ನದೂ ಸೆಕೆಂಡ್ ಹ್ಯಾಂಡ್ ಟಿವಿಎಸ್ 50. ಏರು ಬಂದರೆ ಪೆಡಲ್ ತುಳಿಯಬೇಕು. ಎತ್ತಿನಗಾಡಿಯವರು ‘ಹಗ್ಗ ಕೊಡ್ಲಾ ಮೇಷ್ಟ್ರೇ?’ ಎನ್ನುತ್ತಿದ್ದರು. ಆ ಗಾಡಿಯಿಂದ ಎರಡು ಸಲ ಬಿದ್ದೆ. ಎರಡು ಸಲವೂ ಎದ್ದು, ಪಂಚೆ ಕೊಡವಿಕೊಂಡು, ಪ್ರಾರ್ಥನೆಯ ಹೊತ್ತಿಗೆ ಶಾಲೆ ಮುಟ್ಟಿದೆ. ನನ್ನ ಜಾಣತನದಿಂದಲ್ಲ, ಗಾಡಿಗೆ ವೇಗವೇ ಇರಲಿಲ್ಲ, ಅದರಿಂದ.

ಹುಡುಗನಿಗೆ ಕೇಳಿದೆ, ‘ಸಿಸಿ ಅಂದ್ರೇನು?’ ಪಟ್ಟನೆ ಹೇಳಿದ: ಪಿಸ್ಟನ್ ಒಮ್ಮೆ ಚಲಿಸಿದಾಗ ಖಾಲಿ ಮಾಡುವ ಘನ ಅಳತೆ. ಸರಿ. 50 ಸಿಸಿ ಎಂದರೆ 50 ಮಿಲಿ ಲೀಟರ್, ಮಾಗಡಿ ಹೋಟೆಲಿನ ಒಂದು ಬೈ-ಟೂ ಕಾಫಿಯಷ್ಟು. ಮುನ್ನೂರೈವತ್ತು ಎಂದರೆ ಒಂದು ದೊಡ್ಡ ಎಳನೀರು. ಆದರೆ ಸಿಸಿಯೊಂದೇ ಶಕ್ತಿಯ ಅಳತೆಯಲ್ಲ. ನಮ್ಮ ಕಾಲದ ಯಮಹಾ ಆರ್‌ಎಕ್ಸ್ 100 ಇತ್ತಲ್ಲ, ಅದು 98 ಸಿಸಿ, 11 ಅಶ್ವಶಕ್ತಿ. ಇಂದಿನ ಸ್ಪ್ಲೆಂಡರ್ 97 ಸಿಸಿ, ಸುಮಾರು 8 ಅಶ್ವಶಕ್ತಿ. ಅದು ಟೂ-ಸ್ಟ್ರೋಕ್, ಇದು ಫೋರ್-ಸ್ಟ್ರೋಕ್. ಆರ್‌ಎಕ್ಸ್ ನೆಗೆಯುತ್ತಿತ್ತು, ಇದು ನಡೆಯುತ್ತದೆ. ಬ್ರಿಟನ್ನಿನಲ್ಲಿ 17ರ ಹುಡುಗ ‘ಎಲ್’ ಹಾಕಿಕೊಂಡು ಓಡಿಸಬೇಕಾದರೆ 125 ಸಿಸಿ ಮೀರುವಂತಿಲ್ಲ, 11 ಕಿಲೋವಾಟ್ ಎಂದರೆ ಸುಮಾರು 15 ಅಶ್ವಶಕ್ತಿಯನ್ನೂ ಮೀರುವಂತಿಲ್ಲ. ಅಲ್ಲಿ ಎರಡನ್ನೂ ಅಳೆಯುತ್ತಾರೆ. ನಮ್ಮಲ್ಲಿ 18 ತುಂಬಿದ ಮರುದಿನ ಕಲಿಕಾ ಲೈಸೆನ್ಸ್ ಹಿಡಿದು 190 ಕಿಲೋ ಮೀರಿದ ಬುಲೆಟ್ ಏರಿದರೂ ಕಾನೂನು ಅಡ್ಡ ಬರುವುದಿಲ್ಲ. ಹಾಗಾಗಿ ಆ ಮಿತಿಯನ್ನು ಮನೆಯವರೇ ಹಾಕಬೇಕು. ನನಗೆ ಇದು ಕಾಯ್ದೆಯ ಕೊರತೆಯೆಂದೇ ಅನಿಸುತ್ತದೆ.

ತಂದೆಗೆ ಬೇಸರವಾಯಿತೇನೋ. ‘ಇನ್ನೂರಾದ್ರೆ ಏನಾಗತ್ತೆ, ನಿಧಾನಕ್ಕೆ ಓಡಿಸಿದ್ರಾಯ್ತಲ್ಲ?’ ಎಂದರು.

ಆಗ ಇನ್ನೊಬ್ಬ ಹುಡುಗನ ಮಾತು ಹೇಳಬೇಕಾಯಿತು. ಹೆಸರು ಬೇಡ, ಅವರಿಗೂ ಗೊತ್ತಿರುವ ಮನೆ. ಹತ್ತನೆಯ ತರಗತಿಯಲ್ಲಿ ಘರ್ಷಣೆಯ ಬಗ್ಗೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟವನು. ಪಿಯುಸಿ ಪಾಸಾದ ಖುಷಿಗೆ ಅವರಪ್ಪ ದೊಡ್ಡ ಗಾಡಿ ಕೊಡಿಸಿದರು. ಮರುವರ್ಷ ಸುಗ್ಗಿಯ ಕಾಲ. ನಮ್ಮ ಕಡೆ ಸಗಣಿ ಸಾರಿಸಿ ಕಣ ಮಾಡುವುದು ಹೋಗಿ ಎಷ್ಟೋ ದಿನವಾಯಿತು, ಟಾರು ರಸ್ತೆಯೇ ಕಣ. ರಾಗಿತೆನೆ ಹರಡಿ ಬಿಟ್ಟರೆ ಬಸ್ಸು ಲಾರಿಗಳೇ ಒಕ್ಕಣೆ ಮಾಡುತ್ತವೆ. ತಿರುವು ದಾಟಿದ ಕೂಡಲೇ ಹುಲ್ಲು, ಇವನ ವೇಗ ಅರವತ್ತಕ್ಕೆ ಕಡಿಮೆಯಿರಲಿಲ್ಲ. ಹೆದರಿ ಬ್ರೇಕ್ ಒತ್ತಿದ. ಒಣಗಿದ ರಾಗಿಹುಲ್ಲು ಟೈರಿನಡಿ ಬಂದರೆ ರಸ್ತೆಗೂ ಟೈರಿಗೂ ಸಂಬಂಧವೇ ಇರುವುದಿಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ಬೆಟ್ಟದ ಬಂಡೆಯ ಮೇಲೆ ಚಪ್ಪಲಿ ಜಾರುವಂತೆಯೇ. ಎಡಗಾಲಿಗೆ ಕಂಬಿ ಹಾಕಿದರು. ಪೊಲೀಸ್ ಕೆಲಸಕ್ಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದ ಹುಡುಗ, ಈಗ ಅಂಗಡಿಯಲ್ಲಿ ಕೂರುತ್ತಾನೆ. ನನ್ನನ್ನು ಕಂಡಾಗಲೆಲ್ಲ ನಗುತ್ತಾನೆ. ಆ ನಗು ನನಗೆ ಹಿತವಲ್ಲ. ಘರ್ಷಣೆಯನ್ನು ಪರೀಕ್ಷೆಗೆ ಕಲಿಸಿದೆನೇ ಹೊರತು ರಸ್ತೆಗೆ ಕಲಿಸಲಿಲ್ಲ.

ಒಂದು ಚೀಟಿಯಲ್ಲಿ ಹುಡುಗನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್, ಒಣ ರಸ್ತೆ, ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಯುತ್ತದೆ ಎಂದಿಟ್ಟುಕೊಂಡರೆ, 40 ಕಿ.ಮೀ. ವೇಗದಲ್ಲಿ ನಿಲ್ಲಲು 23 ಮೀಟರ್ ಬೇಕು. ಅರವತ್ತಕ್ಕೆ 44. ಎಂಬತ್ತಕ್ಕೆ 72. ವೇಗ ಎರಡರಷ್ಟಾದರೆ ದೂರ ಮೂರರಷ್ಟು. ಅವನು ಎರಡು ಸಲ ಲೆಕ್ಕ ಹಾಕಿ ನೋಡಿದ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆಂಬ ಹೆದರಿಕೆ ನಮ್ಮ ಹುಡುಗರಿಗೆಲ್ಲ ಇದೆ. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ವಾಲುತ್ತೇವಲ್ಲ, ಹಾಗೆ ಗಾಡಿಯ ಭಾರವೂ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರ ಬಿದ್ದಷ್ಟೂ ಹಿಡಿತ ಹೆಚ್ಚು. ಆದ್ದರಿಂದ ನೇರ, ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಮುಖ್ಯವಾಗಿ ಮುಂದಿನ ಬ್ರೇಕೇ. ಮರಳು, ಹುಲ್ಲು ಇದ್ದಲ್ಲಿ ಮಾತ್ರ ಅದನ್ನು ಗಬಕ್ಕನೆ ಹಿಡಿಯಬಾರದು. ಅಲ್ಲಿಗೆ ಬರುವ ಮೊದಲೇ ವೇಗ ಇಳಿಸಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್ ಇರಬೇಕಾಯಿತು, ಎಂದರೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡು. ಹಳೆಯ ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಅದರ ಇಸವಿ ನೋಡಬೇಕು. ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಬೇಕು.

ಉಳಿದಂತೆ ನನ್ನ ಪರೀಕ್ಷೆ ಸುಲಭ. ಕೂತರೆ ಎರಡೂ ಅಂಗಾಲು ನೆಲ ಮುಟ್ಟಬೇಕು. ಬಿದ್ದ ಗಾಡಿಯನ್ನು ಒಬ್ಬನೇ ಎತ್ತಬೇಕು. ನನ್ನ ಸ್ಪ್ಲೆಂಡರ್ 112 ಕಿಲೋ. ಅದನ್ನು ಅಂಗಳದ ಮಣ್ಣಿನಲ್ಲಿ ಮೆಲ್ಲಗೆ ಮಲಗಿಸಿ ‘ಎತ್ತು’ ಎಂದೆ. ಎತ್ತಿದ, ಆದರೆ ಬೆವರಿದ. ಅವನು ಕೇಳುತ್ತಿದ್ದದ್ದು 150ರ ಆಸುಪಾಸಿನದು. ಏನೂ ಹೇಳಲಿಲ್ಲ, ಬಾಳೆಹಣ್ಣು ತಿಂದ. ಮೂರು ದಿನದ ಮೇಲೆ ಹೊಟ್ಟೆಗೆ ಸರಿಯಾಗಿ ಬಿದ್ದದ್ದು ಅದೇ ಇರಬೇಕು.

ಜನವರಿಯಲ್ಲಿ ನೂರು ಸಿಸಿಯ ಗಾಡಿ ಬಂತು. ಉಳಿದ ದುಡ್ಡಿನಲ್ಲಿ ಐಎಸ್‌ಐ ಮುದ್ರೆಯ ಎರಡು ಹೆಲ್ಮೆಟ್, ಒಂದು ಅವನಿಗೆ, ಒಂದು ಅಪ್ಪನಿಗೆ. ‘ಎರಡು ವರ್ಷ ಆದ್ಮೇಲೆ ಇನ್ನೂರು ತಗೊಳ್ತೀನಿ ಸಾರ್’ ಎಂದ. ತಗೋ ಎಂದೆ. ಕಲಿಕಾ ಲೈಸೆನ್ಸ್ ಕೈಗೆ ಬಂದ ದಿನ ಸ್ಕೇಲು ಕೇಳಿಕೊಂಡು ಮನೆಗೆ ಬಂದ. ನಿಯಮದಂತೆ 18 ಸೆಂಟಿಮೀಟರ್ ಚೌಕದ ಬಿಳಿ ರಟ್ಟಿನ ಮೇಲೆ 10 ಸೆಂಟಿಮೀಟರ್ ಎತ್ತರದ ಕೆಂಪು ‘ಎಲ್’ ಬರೆದು ಹಿಂದೆ ಮುಂದೆ ಕಟ್ಟಿದ. ಕಲಿಸುವವನನ್ನು ಬಿಟ್ಟು ಬೇರಾರನ್ನೂ ಹಿಂದೆ ಕೂರಿಸುವಂತಿಲ್ಲವಾದ್ದರಿಂದ ಗೆಳೆಯರಿಗೆ ನಿರಾಸೆ. ಭಾನುವಾರ ಹಿಂದೆ ಕೂರುವವನು ನಾನೇ. ಮಂಚನಬೆಲೆ ಕಡೆಯ ರಸ್ತೆಯಲ್ಲಿ ಒಂದು ಕಡೆ ರಾಗಿಹುಲ್ಲು ಹರಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಎರಡನೇ ಗೇರಿಗೆ ಇಳಿಸಿದ.

ಮೂವತ್ತು ದಿನ ಕಳೆದರೆ ಪಕ್ಕಾ ಲೈಸೆನ್ಸಿಗೆ ಅರ್ಜಿ ಹಾಕಬಹುದು. ತಂದೆ ಮೂವತ್ತೊಂದನೆಯ ದಿನವೇ ಬಂದರು. ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಅವಧಿ ಇದೆ, ಅವನು ಒದ್ದೆ ರಸ್ತೆಯನ್ನೇ ಇನ್ನೂ ನೋಡಿಲ್ಲ, ಒಂದೆರಡು ಮಳೆ ಬೀಳಲಿ ಎಂದೆ. ಈಗ ಅಪ್ಪ ಮಗ ಇಬ್ಬರೂ ಪಂಚಾಂಗ ತೆಗೆದು ಭರಣಿ ಮಳೆ ಯಾವತ್ತು ಹುಟ್ಟುತ್ತದೆಂದು ನೋಡುತ್ತಿದ್ದಾರೆ.