ಮನೆಯ ನಕಾಶೆ, ಆಟದ ನಕಾಶೆ

ಒಬ್ಬನ ತಲೆಯ ಮೇಲೆ ಒಂದೇ ಕಾಲಕ್ಕೆ ಎರಡು ಕೆಲಸಗಳು ಬಿದ್ದರೆ ಏನಾಗುವುದೆಂಬುದು ಕಳೆದ ವರ್ಷ ನನ್ನ ಅನುಭವಕ್ಕೆ ಬಂತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ದೊಡ್ಡಾಟದ ಮಾದರಿಯಲ್ಲಿ ಒಂದು ನಾಟಕವಾಡುವುದೆಂದು ನಿಶ್ಚಯವಾಗಿ, ರಂಗಸಜ್ಜಿಕೆಯ ಭಾರ ನನ್ನ ಪಾಲಿಗೆ ಬಂತು. ಅದೇ ತಿಂಗಳು, ದೋರನಹಳ್ಳಿಯ ನಮ್ಮ ಮನೆಯ ಮುಂದೆ ಒಂದು ಖೋಲಿ ಕಟ್ಟಬೇಕೆಂದು ಬೆಂಗಳೂರಿನಲ್ಲಿ ಗೌಂಡಿ ಕೆಲಸ ಮಾಡುವ ಅಣ್ಣ ಫೋನಿನಲ್ಲಿ ಹೇಳಿದ. "ನೀ ಕಂಪ್ಯೂಟರ್ ಬಲ್ಲಾಂವ ಇದ್ದಿ, ನಕಾಶೆ ನೀನೇ ತೆಗಿ" ಎಂದ. ಆ ವಿದ್ಯೆಯನ್ನು ಫೀ ಕೊಟ್ಟು ಕಲಿಯಲು 18,000 ರೂಪಾಯಿ ತೆಗೆದಿಟ್ಟಿರುವುದಾಗಿಯೂ ತಿಳಿಸಿದ. ಬಿಸಿಲಿನಲ್ಲಿ ಪರರ ಮನೆಗಳನ್ನು ಕಟ್ಟಿ ಕೂಡಿಸಿದ ಹಣವದು. ಅದು ಫೀಗೆ ಹೋದರೆ ಖೋಲಿಯ ಮಾಳಿಗೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಆದುದರಿಂದ ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕೆಂಬುದು ನನಗೆ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ.

ವಿಚಾರಿಸುತ್ತ ಹೋದಂತೆ ಹೆಸರುಗಳ ಸಂತೆಯೇ ಕಂಡಿತು. 1982ರಲ್ಲಿ ಬಂದ ಆಟೋಕ್ಯಾಡ್ ಎಲ್ಲರಿಗೂ ಹಿರಿಯಣ್ಣ. ಎಂಜಿನಿಯರರ ಕಚೇರಿಗಳಲ್ಲಿ ಅದರದೇ ರಾಜ್ಯ. ವಿದ್ಯಾರ್ಥಿಗಳಿಗೆ ಅದು ಪುಕ್ಕಟೆ ಸಿಗುವುದುಂಟು, ಆದರೆ ಓದಿಗೆ ಹೊರತು ಸಂಪಾದನೆಯ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. 1985ರ ಮಿನಿಕ್ಯಾಡ್ ಎಂಬುದು ಬೆಳೆದು ವೆಕ್ಟರ್‌ವರ್ಕ್ಸ್ ಆಗಿದೆ. ಅದರಲ್ಲಿ ರಂಗಭೂಮಿಗೂ ದೀಪವ್ಯವಸ್ಥೆಗೂ ಬೇರೆಯೇ ಒಂದು ವಿಭಾಗವಿದೆ. ಅದರ ಬೆಲೆ ಕೇಳಿ ನಾನು ಸುಮ್ಮನಾದೆ. ಉಳಿದವು ಎರಡು. ಗೆರೆಗಳ ನಕಾಶೆಗೆ ಲಿಬ್ರೆಕ್ಯಾಡ್, ಮೂರು ಆಯಾಮದ ಚಿತ್ರಕ್ಕೆ ಬ್ಲೆಂಡರ್. ಎರಡಕ್ಕೂ ಕಾಸು ಕೊಡಬೇಕಿಲ್ಲ. 2002ರಲ್ಲಿ ಬ್ಲೆಂಡರನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿಹೋದಾಗ, ಬಳಸುವವರೇ ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ, ಅದನ್ನು ಕೊಂಡು ಲೋಕಕ್ಕೆ ಬಿಟ್ಟುಕೊಟ್ಟರಂತೆ. ನಮ್ಮೂರಲ್ಲಿ ಪಟ್ಟಿ ಎತ್ತಿ ಆಟವಾಡಿಸುವ ಕ್ರಮವೇ ಇದಲ್ಲವೆ ಎಂದು ನನಗೆ ಅಭಿಮಾನವೆನಿಸಿತು.

ಮೊದಲು ಲಿಬ್ರೆಕ್ಯಾಡಿನಲ್ಲಿ ರಂಗವನ್ನು ಬರೆದೆ. ಅಗಲ 24 ಅಡಿ, ಆಳ 18 ಅಡಿ. ಅಡಿಗೆ ಅರ್ಧ ಅಂಗುಲದ ಪ್ರಮಾಣದಲ್ಲಿ ಕಾಗದದ ಮೇಲೆ 12 ಅಂಗುಲ, 9 ಅಂಗುಲ. ಎರಡು ಕಂಬ, ನಡುವೆ ಹಿಂದಕ್ಕೆ ಸಿಂಹಾಸನ, ಅದರ ಪಕ್ಕದಲ್ಲಿ ಬಾಗಿಲು. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ಅವನು ಪ್ರಾಯದಲ್ಲಿ ಊರ ದೊಡ್ಡಾಟಕ್ಕೆ ಅಟ್ಟ ಕಟ್ಟಿದವನು. ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದರಾಗ ಮಂದಿ ಎಲ್ಲಿ ಕುಂದರ್ತಾರ? ಬಗಲಿಗಿ ಕುಂತ ಮುದುಕಿಗಿ ರಾಜಾ ಕಾಣ್ತಾನೇನು?" ಎಂದು ಕೇಳಿದ.

ನಾನು ನಿರುತ್ತರನಾದೆ. ಆ ರಾತ್ರಿ ಅದೇ ಅಳತೆಗಳನ್ನು ಬ್ಲೆಂಡರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಅದರ ಕ್ಯಾಮರಾವನ್ನು ಎಡಬದಿಗೆ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಎಂದರೆ ಕುಳಿತ ಮುದುಕಿಯ ಕಣ್ಣಿನ ಮಟ್ಟದಲ್ಲಿ ಇಟ್ಟೆ. ಕಂಬ ಕಂಡಿತು, ರಾಜನಿರಲಿಲ್ಲ! ಸಿಂಹಾಸನವನ್ನು ಮುಂದಕ್ಕೆ ತಂದೆ, ಕಂಬಗಳನ್ನು ಹಿಂದಕ್ಕೆ ಸರಿಸಿದೆ. ದೀಪಗಳನ್ನು ಅಲ್ಲಲ್ಲಿ ಇಟ್ಟು ನೆರಳು ಯಾರ ಮುಖದ ಮೇಲೆ ಬೀಳುವುದೆಂದೂ ನೋಡಿಕೊಂಡೆ.

ಇದೇ ಉತ್ತಮವೆಂದು ತೀರ್ಮಾನಿಸಿ ಮನೆಯ ಖೋಲಿಯನ್ನೂ ಬ್ಲೆಂಡರಿನಲ್ಲಿಯೇ ಮಾಡಿ, ಗೋಡೆಗೆ ಬಣ್ಣ ಬಳಿದು, ಕಿಟಕಿಯಲ್ಲಿ ಬಿಸಿಲು ತುಂಬಿ ಅಣ್ಣನಿಗೆ ಕಳಿಸಿದೆ. ಅವನು ಫೋನಿನಲ್ಲಿ, "ಚಿತ್ರ ಚಂದ ಅದ ತಮ್ಮಾ. ಆದ್ರ 10 ಫೂಟ್ ಅಂದ್ರ ಒಳಗೋ ಹೊರಗೋ? ಬಾಗಲಾ ಮೂಲ್ಯಾಗಿಂದ ಎಷ್ಟಕ್ಕ? ನಾ ದಾರ ಎಲ್ಲಿ ಹಿಡೀಲಿ?" ಎಂದ. 9 ಅಂಗುಲದ ಎರಡು ಗೋಡೆಗಳು ಸೇರಿದರೆ ಒಂದೂವರೆ ಅಡಿ. ಒಳಗೆ 10 ಅಡಿಯ ಖೋಲಿ ಹೊರಗೆ ಹನ್ನೊಂದೂವರೆ ಅಡಿಯಾಗುತ್ತದೆ. ಹೊರಗೇ 10 ಎಂದು ಹಿಡಿದರೆ ಒಳಗೆ ಎಂಟೂವರೆ ಉಳಿಯುತ್ತದೆ. ಬಿಸಿಲು ತುಂಬಿದ ನನ್ನ ಚಿತ್ರ ಇದನ್ನು ಹೇಳುತ್ತಿರಲಿಲ್ಲ. ಮತ್ತೆ ಲಿಬ್ರೆಕ್ಯಾಡಿಗೆ ಹೋಗಿ ಗೆರೆಗಳನ್ನೆಳೆದು, ಪ್ರತಿ ಗೆರೆಯ ಪಕ್ಕದಲ್ಲಿ ಅಂಕಿ ಬರೆದು ಕಳಿಸಿದೆ. ಅಣ್ಣ ಮರುಪ್ರಶ್ನೆ ಕೇಳಲಿಲ್ಲ.

ಅಂದಿನಿಂದ ನನಗೆ ತೋರಿದುದಿಷ್ಟು: ಯಾವ ತಂತ್ರಾಂಶ ದೊಡ್ಡದೆಂದು ಕೇಳುವುದಕ್ಕಿಂತ, ನಕಾಶೆ ಯಾರ ಕೈಗೆ ಹೋಗುತ್ತದೆಂದು ಕೇಳುವುದು ಮೇಲು. ಗೌಂಡಿಗೆ ಅಂಕಿ ಬೇಕು. ಆಟ ನೋಡುವವನಿಗೆ ನೋಟ ಬೇಕು. ಕಚೇರಿಯಲ್ಲಿ ನೌಕರಿ ಬೇಕೆನ್ನುವವನು ಆಟೋಕ್ಯಾಡನ್ನು ಕಲಿಯಲೇಬೇಕಾದೀತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಎರಡು ಕೆಲಸಗಳಿಗೆ ಆ 18,000 ಬೇಕಾಗಲಿಲ್ಲ.

ಇಷ್ಟೆಲ್ಲ ತಿಳಿದೆನೆಂದು ಬೀಗುತ್ತಿರುವಾಗಲೇ ತಾಲೀಮಿನ ದಿನ ಬಂತು. ವೇಷ ಕಟ್ಟಿಕೊಂಡ ರಾಜ ಗಂಭೀರವಾಗಿ ಬಾಗಿಲಿಗೆ ಬಂದು ಅಲ್ಲಿಯೇ ಸಿಕ್ಕಿಕೊಂಡ! ನಾನು ಬ್ಲೆಂಡರಿನಲ್ಲಿ ನಿಲ್ಲಿಸಿ ಅಳೆದ ಗೊಂಬೆಗೆ ಕಿರೀಟವೂ ಇರಲಿಲ್ಲ, ಭುಜಕೀರ್ತಿಯೂ ಇರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯವರು 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆಯನ್ನೇ ರಂಗಕ್ಕೆ ತಂದವರು. ಅವರಿಗೆ ಗಣಕಯಂತ್ರವಿರಲಿಲ್ಲ, ಆದರೆ ಬರುವವರು ಯಾರೆಂಬುದು ಮೊದಲೇ ಗೊತ್ತಿತ್ತು. ಗೆಳೆಯರು ನಗುತ್ತಿರಲು, ಗರಗಸ ತಂದು ಚೌಕಟ್ಟನ್ನು ಕೊಯ್ದು ಬಾಗಿಲನ್ನು ಅಗಲ ಮಾಡಿದೆವು.

ಆಟ ನಡೆದ ರಾತ್ರಿ ಅಪ್ಪ ಊರಿನಿಂದ ಬಂದು, ಕರೆದರೂ ಮುಂದಿನ ಕುರ್ಚಿಗೆ ಬಾರದೆ, ಎಡಬದಿಯ ನೆಲದ ಮೇಲೆಯೇ ಕುಳಿತ. ಮುಗಿದ ಮೇಲೆ "ಕಾಣ್ತು" ಎಂದಷ್ಟೇ ಹೇಳಿದ. ಖೋಲಿಗೆ ಈ ಮಳೆಗಾಲಕ್ಕೆ ಮುಂಚೆಯೇ ಮಾಳಿಗೆ ಬಿತ್ತು. ಈ ಲೇಖನವನ್ನು ಅದರೊಳಗೆ ಕುಳಿತೇ ಬರೆದಿದ್ದೇನೆ.