ಒಂದು ಅಕ್ಷರಲೋಪದ ಪ್ರಸಂಗ

ಗ್ರಂಥಸಂಪಾದನೆಯ ಆರಂಭದ ಪಾಠಗಳಲ್ಲಿ ಒಂದು ಸೂತ್ರ ಬರುತ್ತದೆ: ಪ್ರತಿಗಳನ್ನು ಎಣಿಸಬಾರದು, ತೂಗಬೇಕು. ಒಂದು ಪಾಠವನ್ನು ಹತ್ತು ಓಲೆಪ್ರತಿಗಳು ಬೆಂಬಲಿಸಿದರೂ ಆ ಹತ್ತೂ ಒಂದೇ ದೋಷಯುಕ್ತ ಪ್ರತಿಯಿಂದ ಇಳಿದು ಬಂದವಾದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಎದುರಿಗೆ ನಿಂತ ಒಂಟಿ ಪ್ರತಿ ಪ್ರಾಚೀನವೂ ಸ್ವತಂತ್ರವೂ ಆಗಿದ್ದರೆ ಸಂಪಾದಕನು ಅದರ ಮಾತಿಗೆ ಕಿವಿಗೊಡಬೇಕು. ಮೈಸೂರಿನ ಆ ನಿವೃತ್ತ ಪ್ರಾಧ್ಯಾಪಕರು ಈ ಸೂತ್ರವನ್ನು ಮೂರು ದಶಕಗಳ ಕಾಲ ಎಂ.ಎ. ತರಗತಿಗಳಲ್ಲಿ ಬೋಧಿಸಿದವರು. ಓಲೆಗರಿಯ ಲಿಪಿಕಾರರ ಸ್ಖಾಲಿತ್ಯಗಳ ಬಗ್ಗೆ ಅವರಿಗೆ ಕರುಣೆ ಕಡಿಮೆ. ಬೀದಿಯಲ್ಲಿ, ಗ್ರಂಥಾಲಯದಲ್ಲಿ, ಗೆಳೆಯರ ನಡುವೆ ಅವರು ಬರಿಯ ‘ಮೇಷ್ಟ್ರು’. ಸ್ವಂತ ಹೆಸರಿನ ಅಗತ್ಯ ಅವರಿಗೆ ಅಷ್ಟಾಗಿ ಬಿದ್ದದ್ದೇ ಇಲ್ಲ. ಬಿದ್ದಾಗ, ಅಂದರೆ 2024ರ ಡಿಸೆಂಬರ್ ತಿಂಗಳಲ್ಲಿ, ಆ ಹೆಸರಿನ ಒಂದೇ ಒಂದು ಅಕ್ಷರ ನಾಲ್ವರ ಪ್ರಯಾಣಕ್ಕೆ ಅಡ್ಡ ನಿಂತಿತು.

ನಾಲ್ವರೂ 1982ರಲ್ಲಿ ಮಾನಸಗಂಗೋತ್ರಿಯಲ್ಲಿ ಒಟ್ಟಿಗೆ ಎಂ.ಎ. ಮುಗಿಸಿದವರು. ಒಬ್ಬರು ಬ್ಯಾಂಕು ಸೇರಿ ಅಧಿಕಾರಿಯಾಗಿ ನಿವೃತ್ತರಾದರು. ಇನ್ನೊಬ್ಬರು ಸಕಲೇಶಪುರದ ಕಡೆಯ ತಮ್ಮ ಕಾಫಿ ತೋಟಕ್ಕೆ ಮರಳಿದರು. ಮೂರನೆಯವರು ಶಾಸನಶಾಸ್ತ್ರವನ್ನು ಕಲಿಸಿದ ಅಧ್ಯಾಪಕಿ. ಕಾಂಬೋಡಿಯಾದ ಅಂಗ್ಕೋರ್ ನೋಡಬೇಕೆಂಬುದು ಈ ಅಧ್ಯಾಪಕಿಯ ಹಳೆಯ ಆಸೆ. ಬ್ರಾಹ್ಮಿಯ ದಕ್ಷಿಣದ ಕವಲುಗಳನ್ನು ವಿವರಿಸುವಾಗ ಅವರು ಕದಂಬರ ಲಿಪಿಯ ಪಕ್ಕದಲ್ಲಿ ಪಲ್ಲವರ ಲಿಪಿಯನ್ನೂ, ಅದರ ಪಕ್ಕದಲ್ಲಿ ಕಡಲಾಚೆಯ ಖ್ಮೇರ್ ಶಾಸನಗಳ ಲಿಪಿಯನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಬನವಾಸಿಯ ಅರಸರಂತೆ ಅಂಗ್ಕೋರಿನ ಅರಸರೂ ‘ವರ್ಮ’ರೇ ಎಂದು ಹೇಳಿ, ಹೆಸರುಗಳು ಹಡಗೇರಿದ ಕಥೆಯನ್ನು ವಿದ್ಯಾರ್ಥಿಗಳ ಮುಂದಿಡುತ್ತಿದ್ದರು. ಇದೆಲ್ಲವೂ ಪಟಗಳನ್ನು ನೋಡಿ ಹೇಳಿದ ಪಾಠ. ಕಲ್ಲನ್ನು ಅವರು ಕಂಡಿರಲಿಲ್ಲ.

ಈಗ ಕಾಣುವ ಕಾಲ ಕಿರಿದಾಗುತ್ತಿತ್ತು. ಅವರಿಗೆ ಗ್ಲಾಕೋಮಾ. ಈ ವ್ಯಾಧಿ ಬಹುಮಟ್ಟಿಗೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ನಡುವಿನದು ಕಡೆಯವರೆಗೆ ಉಳಿದಿರುತ್ತದೆ. ಒಮ್ಮೆ ಹೋದದ್ದು ಮರಳಿ ಬರುವುದಿಲ್ಲ. ವೈದ್ಯರು ಗಡುವು ಹೇಳಿರಲಿಲ್ಲ. ಆದರೆ ಆ ವರ್ಷದ ಪರೀಕ್ಷೆಯ ನಕ್ಷೆಯನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡಿದಾಗ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ನಾಲ್ವರೂ ಕುಳಿತು ಡಿಸೆಂಬರ್ 22ಕ್ಕೆ ಟಿಕೆಟ್ ಕಾಯ್ದಿರಿಸಿದರು. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್. ಗುಡಿಯೊಳಗಿನ ಮೆಟ್ಟಿಲು, ಹೊಸ್ತಿಲು, ಅರೆಗತ್ತಲಿನ ಪಡಸಾಲೆಗಳಲ್ಲಿ ಅಧ್ಯಾಪಕಿಯ ಕೈ ಹಿಡಿದು ನಡೆಸುವ, ನೋಟದ ಅಂಚಿನಾಚೆ ಇರುವುದನ್ನು ಮಾತಿನಲ್ಲಿ ಕಾಣಿಸುವ ಹೊಣೆಯನ್ನು ಮೇಷ್ಟ್ರು ತಾವಾಗಿ ಹೊತ್ತರು.

ನವೆಂಬರ್ ಕೊನೆಯಲ್ಲಿ ವೀಸಾ ಅರ್ಜಿ ತುಂಬಲು ಕುಳಿತಾಗ ಮೊದಲ ತೊಡಕು ಕಾಣಿಸಿತು. ಕಾಂಬೋಡಿಯಾ ಪ್ರವೇಶಿಸುವವರ ಪಾಸ್‌ಪೋರ್ಟ್‌ಗೆ ಆ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. 2015ರ ಮೇ ತಿಂಗಳಲ್ಲಿ, ಕೊನೆಗೂ ಹೋಗಲಾಗದ ಒಂದು ವಿಚಾರಸಂಕಿರಣಕ್ಕೆಂದು ಮೇಷ್ಟ್ರು ಮಾಡಿಸಿದ್ದ ಪಾಸ್‌ಪೋರ್ಟ್ 2025ರ ಮೇ 19ಕ್ಕೆ ಮುಗಿಯುವುದಿತ್ತು. ಒಂದು ತಿಂಗಳು ಮೂರು ದಿನದ ಕೊರತೆ. ಒಂದು ಪುಟಕ್ಕೂ ಮುದ್ರೆ ಬೀಳದ, ಹೊಸದರಂತಿದ್ದ ಆ ಹೊತ್ತಗೆ ಪ್ರಯಾಣದ ಮಟ್ಟಿಗೆ ಮುಗಿದುಹೋಗಿತ್ತು. ಬ್ಯಾಂಕಿನ ಗೆಳೆಯರು ತಡಮಾಡದೆ ತತ್ಕಾಲ್ ಮರುವಿತರಣೆಯ ದಾರಿ ಹೇಳಿದರು: ಮಾಮೂಲಿನ 1500 ರೂಪಾಯಿಯ ಮೇಲೆ ಇನ್ನೂ 2000, ಕೆಲವೇ ದಿನಗಳಲ್ಲಿ ಹೊಸದು ಕೈಗೆ. ಅಷ್ಟೇ ಆಗಿದ್ದರೆ ಈ ಪ್ರಸಂಗವನ್ನು ಹೇಳುವ ಅಗತ್ಯವಿರಲಿಲ್ಲ.

ಎರಡನೆಯ ತೊಡಕನ್ನು ತಂದುಕೊಂಡವರು ಮೇಷ್ಟ್ರೇ. ಅವರ ಹೆಸರಿನ ನಡುವೆ ಒಂದು ತಕಾರವಿದೆ. ಕನ್ನಡ ನಾಡಿನ ರೂಢಿಯಂತೆ ಅದನ್ನು ಇಂಗ್ಲಿಷಿನಲ್ಲಿ ‘ಟಿ’ಯ ಮುಂದೆ ‘ಎಚ್’ ಸೇರಿಸಿ ಬರೆಯುತ್ತಾರೆ. ‘ಎಚ್’ ಇಲ್ಲದಿದ್ದರೆ ಓದುವವರು ಟಕಾರವೆಂದು ತಿಳಿಯುತ್ತಾರೆ. 2015ರಲ್ಲಿ ಅರ್ಜಿ ತುಂಬಿಕೊಟ್ಟ ಯಾರೋ ಆ ‘ಎಚ್’ ಅನ್ನು ಬಿಟ್ಟಿದ್ದರು. ಲಿಪಿಕಾರರ ದೋಷಗಳಲ್ಲಿ ಅತ್ಯಂತ ಸಾಮಾನ್ಯವಾದ ಅಕ್ಷರಲೋಪ. ಹತ್ತು ವರ್ಷ ಅದು ಅವರಿಗೆ ಮುಳ್ಳಾಗಿ ಚುಚ್ಚಿತ್ತು. ಹೇಗೂ ಹೊಸದು ಮಾಡಿಸುವುದಿದೆ, ಪಾಠವನ್ನು ಪರಿಷ್ಕರಿಸಿಬಿಡೋಣವೆಂದು ಅರ್ಜಿಯಲ್ಲಿ ಹೆಸರನ್ನು ತಿದ್ದಿ ಬರೆದರು. ಗೆಳೆಯರಿಗೆ ಹೇಳಲಿಲ್ಲ.

ಡಿಸೆಂಬರ್ 4ರಂದು ಕಾಫಿ ತೋಟದ ಗೆಳೆಯರೊಂದಿಗೆ ಬೆಂಗಳೂರಿನ ಸೇವಾ ಕೇಂದ್ರವೊಂದಕ್ಕೆ ಹೋದರು. ಮೊದಲ ಕಿಟಕಿಯಲ್ಲಿ ಭಾವಚಿತ್ರ, ಬೆರಳಚ್ಚು. ಎರಡನೆಯದಕ್ಕೆ ಕಾಯುತ್ತ ಕುಳಿತಾಗ, ಈ ಉಪದ್ರವ ಯಾವ ಕಾಲದಿಂದ ಇದೆಯೆಂದು ಗೆಳೆಯರು ಕೇಳಿದರು. ಅವರಿಗೆ ಒಂದು ಉಪನ್ಯಾಸವೇ ದೊರೆಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನಿಗೆ ಮಾತ್ರ ಜನಪದದ ಒಳಗೆ ಹೋಗಲು, ಹೊರಗೆ ಬರಲು ಅವಕಾಶ. ಇಲ್ಲದೆ ಸಿಕ್ಕಿಬಿದ್ದ ಜನಪದದವನಿಗೆ ಹನ್ನೆರಡು ಪಣ ದಂಡ. ಆ ಗ್ರಂಥ ಮರಳಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಿಂದ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಬ್ರಿಟಿಷರು ಭಾರತೀಯ ಪಾಸ್‌ಪೋರ್ಟ್ ಕಾಯಿದೆ ತಂದದ್ದು 1920ರಲ್ಲಿ. ವಿದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿದ್ದೂ, ಅದರ ಬೆನ್ನಿಗೆ ಈಗಿನ ಕಾಯಿದೆ ಬಂದದ್ದೂ 1967ರಲ್ಲಿ. “ಹಾಗಾದ್ರೆ ಕೌಟಿಲ್ಯನ ಕಾಲದಲ್ಲಿ ಹೆಸರಿನ ಸ್ಪೆಲ್ಲಿಂಗ್ ಕೇಳ್ತಿರಲಿಲ್ಲವೇನೋ?” ಎಂದು ಗೆಳೆಯರು ನಕ್ಕರು. ಅಷ್ಟರಲ್ಲಿ ಫಲಕದ ಮೇಲೆ ಮೇಷ್ಟ್ರ ಸಂಖ್ಯೆ ಮೂಡಿತು.

ಪರಿಶೀಲನೆಯ ಅಧಿಕಾರಿ ಚಿಕ್ಕ ವಯಸ್ಸಿನವರು. ಅಗೌರವದ ಮಾತೊಂದನ್ನೂ ಆಡಲಿಲ್ಲ. ಹಳೆಯ ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ‘ಎಚ್’ ಇಲ್ಲ; ಅರ್ಜಿಯಲ್ಲಿದೆ. ಹೀಗೇಕೆ? ಮೇಷ್ಟ್ರು ತಮ್ಮ ವಾದವನ್ನು ಮಂಡಿಸಿದರು. ಆಧಾರ್ ಮಾಡಿಸಿದಾಗ ಗುರುತಿಗೆ ಕೊಟ್ಟದ್ದು ಪಾಸ್‌ಪೋರ್ಟನ್ನೇ, ಆದ್ದರಿಂದ ಅದರ ತಪ್ಪು ಇದಕ್ಕೆ ಇಳಿಯಿತು. ಪ್ಯಾನನ್ನು ಆಧಾರ್‌ಗೆ ಜೋಡಿಸುವಾಗ ಹೆಸರು ಹೊಂದಲೆಂದು ಪ್ಯಾನನ್ನು ಬದಲಿಸಲಾಯಿತು. ಬ್ಯಾಂಕು ಆಧಾರನ್ನು ನೋಡಿ ಬರೆದುಕೊಂಡಿತು. ನಾಲ್ಕೂ ಒಂದೇ ಶಾಖೆಯ ಪ್ರತಿಗಳು. ಸ್ವತಂತ್ರ ಶಾಖೆಯೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದನ್ನು ಅನುಸರಿಸಿದ ಸೇವಾಪುಸ್ತಕ ಮತ್ತು ಪಿಂಚಣಿ ಆದೇಶ. ಅಲ್ಲಿ ‘ಎಚ್’ ಇದೆ. ಅಧಿಕಾರಿ ಎಲ್ಲವನ್ನೂ ಸಮಾಧಾನದಿಂದ ಕೇಳಿ ಹೇಳಿದರು: “ಸರ್, ನೀವು ಹೇಳೋದು ಸರಿ ಇರಬಹುದು. ಆದರೆ ನಾನು ಹಳೆಯದರಲ್ಲಿ ಹೇಗಿದೆಯೋ ಹಾಗೇ ಬರೀಬೇಕು. ಹೆಸರು ಹಾಗೇ ಇರಲಿ ಅಂದ್ರೆ ಇವತ್ತೇ ಮುಂದಕ್ಕೆ ಕಳಿಸ್ತೀನಿ. ಬದಲಾಯಿಸಲೇಬೇಕು ಅಂದ್ರೆ ಮೊದಲು ಆಧಾರ್ ತಿದ್ದಿಸಿಕೊಂಡು ಬನ್ನಿ.” ತಪ್ಪು ಹೆಸರಿಗೆ ತಾವಾಗಿ ಒಪ್ಪಿಗೆ ಕೊಡಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ. ಕಡತ ತಡೆಹಿಡಿಯಲ್ಪಟ್ಟಿತು, ಮತ್ತೊಮ್ಮೆ ಬರಲು ಚೀಟಿ ಸಿಕ್ಕಿತು.

ಮೈಸೂರಿಗೆ ಮರಳುವ ದಾರಿಯುದ್ದಕ್ಕೂ ತೋಟದ ಗೆಳೆಯರು ಮಾತಾಡಲಿಲ್ಲ. ಆಧಾರ್ ತಿದ್ದುಪಡಿಗೆ ಎಷ್ಟು ದಿನ ಬೇಕೆಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಪ್ರಯಾಣಕ್ಕೆ ಉಳಿದಿದ್ದುದು ಹದಿನೆಂಟು ದಿನ. ಅದರೊಳಗೆ ಪಾಸ್‌ಪೋರ್ಟ್ ಬರಬೇಕು, ಅದರ ಸಂಖ್ಯೆಯನ್ನು ತುಂಬಿ ವೀಸಾ ಪಡೆಯಬೇಕು. ಉಳಿದ ಮೂವರು ಹೋಗಿಬರಲಿ ಎಂಬುದು ಮೇಷ್ಟ್ರ ಸಲಹೆ. ಅವರಿಲ್ಲದೆ ಹೋಗುವುದಿಲ್ಲವೆಂಬುದು ಇಬ್ಬರು ಗೆಳೆಯರ ಹಟ. ಮಾರ್ಚಿಗೆ ಮುಂದೂಡೋಣವೆಂದು ಒಬ್ಬರು ಮೆಲ್ಲಗೆ ಅಂದರು. ರಾತ್ರಿ ಅಧ್ಯಾಪಕಿಯ ದೂರವಾಣಿ ಬಂದಿತು. ಮೇಷ್ಟ್ರು ಅವರಿಗೂ ಶಾಖೆಗಳ ವಿವರಣೆ ಕೊಟ್ಟರು. ಅವರು ಕೊನೆಯವರೆಗೂ ಕೇಳಿಸಿಕೊಂಡು, ಕೊನೆಯಲ್ಲಿ ಎರಡೇ ಮಾತು ಹೇಳಿದರು: “ನಿಮ್ಮ ಪಾಠ ಶುದ್ಧವಾಗಿದೆ ಮೇಷ್ಟ್ರೇ, ನಾನು ಒಪ್ಪಿದೆ. ಆದರೆ ಅದು ಅಚ್ಚಾಗೋ ತನಕ ನನ್ನ ಕಣ್ಣು ಕಾಯೋಲ್ಲ.”

ಆ ರಾತ್ರಿ ಮೇಷ್ಟ್ರು ತಮ್ಮ ಕಪಾಟಿನಿಂದ ಹಳೆಯ ಪಾಠಾಂತರಗಳ ಟಿಪ್ಪಣಿಗಳನ್ನು ತೆಗೆದು ಕುಳಿತರು. ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಬರೆಯುವ ಒಂದು ವಾಡಿಕೆಯ ಮಾತಿದೆ: ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷವನ್ನು ನನ್ನ ಮೇಲೆ ಹೊರಿಸಬೇಡಿ, ಬಲ್ಲವರು ತಿದ್ದಿಕೊಳ್ಳಿ ಎಂಬ ಅರ್ಥದ್ದು. ಬೆನ್ನು, ಸೊಂಟ, ಕತ್ತು ನೊಂದು, ಕಣ್ಣು ಸೋತು ಬರೆದೆನೆಂಬ ಅಳಲೂ ಅದರ ಜೊತೆಗೆ ಇರುತ್ತದೆ. ತರಗತಿಯಲ್ಲಿ ಅವರು ಇದನ್ನು ಓದಿ ವಿದ್ಯಾರ್ಥಿಗಳನ್ನು ನಗಿಸುತ್ತಿದ್ದರು. ಹಳೆಯದರಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು ಎಂದ ಕಿಟಕಿಯಾಚೆಯ ಆ ಎಳೆಯ ಅಧಿಕಾರಿ ಹೇಳಿದ್ದೂ ಅದನ್ನೇ. ಕಂಡಂತೆ ಬರೆದವರ ಸರಪಳಿಯೊಂದು ಇರದಿದ್ದರೆ ಸಂಪಾದಕನ ಕೈಗೆ ತಿದ್ದಲು ಗ್ರಂಥವೇ ಸಿಗುತ್ತಿರಲಿಲ್ಲ. ತಪ್ಪುಗಳನ್ನು ಹೊತ್ತುಕೊಂಡೇ ಪಠ್ಯವು ಕಾಲವನ್ನು ದಾಟಿ ಬರುತ್ತದೆ. ಇದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ತಮ್ಮ ಹೆಸರಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ, ಅಷ್ಟೆ. ಕಣ್ಣು ಸೋತು ಎಂಬ ಮಾತಿನ ಬಳಿ ಅವರು ಬಹಳ ಹೊತ್ತು ನಿಂತರು.

6ನೆಯ ತಾರೀಖು ಶುಕ್ರವಾರ ಒಬ್ಬರೇ ಬೆಂಗಳೂರಿಗೆ ಹೋಗಿ, ಹಳೆಯದರಂತೆಯೇ ಇರಲೆಂದು ಬರೆದುಕೊಟ್ಟರು. 11ರಂದು ಸ್ಪೀಡ್ ಪೋಸ್ಟಿನಲ್ಲಿ ಹೊಸ ಪಾಸ್‌ಪೋರ್ಟ್ ಬಂದಿತು. ವೀಸಾ 16ಕ್ಕೆ ಕೈಸೇರಿತು. ಈ ನಡುವೆ ವಿಚಾರಣೆಗೆ ಬಂದ ಪೊಲೀಸ್ ಪೇದೆ ಎದುರುಮನೆಯವರಲ್ಲಿ ಪಾಸ್‌ಪೋರ್ಟಿನ ಹೆಸರು ಹೇಳಿ ಕೇಳಿದಾಗ, ಅಂಥವರು ಈ ಬೀದಿಯಲ್ಲಿ ಇಲ್ಲವೆಂಬ ಉತ್ತರ ಬಂದಿತು. “ಓ, ಮೇಷ್ಟ್ರಾ?” ಎಂದು ಆಮೇಲೆ ಬಾಗಿಲು ತೋರಿಸಿದರು. ಎಲ್ಲ ದಾಖಲೆಗಳಾಚೆಗೆ, ಒಂದು ಪಾಠಾಂತರವೂ ಇಲ್ಲದೆ ಉಳಿದಿದ್ದ ಹೆಸರು ಅದೊಂದೇ.

20ರ ರಾತ್ರಿ ಬ್ಯಾಂಕಿನ ಗೆಳೆಯರು ನಾಲ್ವರ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಲೆಕ್ಕಪರಿಶೋಧನೆಯ ಹಳೆಯ ಅಭ್ಯಾಸದಂತೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದರು. ವಿಮಾನದ ಟಿಕೆಟ್ಟಿನಲ್ಲಿ ‘ಎಚ್’ ಇತ್ತು. ಸೆಪ್ಟೆಂಬರಿನಲ್ಲಿ ಹೆಸರನ್ನು ಉಕ್ತಲೇಖನದಂತೆ ಹೇಳಿ ಬರೆಸಿದವರು ಮೇಷ್ಟ್ರೇ. ಅವರು ಹೇಳಿದ್ದು ಶುದ್ಧಪಾಠ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ವಿಮಾನ ಹತ್ತಲು ಬಿಡುವರೆಂಬ ಭರವಸೆಯಿಲ್ಲ. ಮರುದಿನ ಬೆಳಿಗ್ಗೆ ಟಿಕೆಟ್ ಕೊಡಿಸಿದವರ ಅಂಗಡಿ ತೆರೆಯುವ ಮೊದಲೇ ಇಬ್ಬರೂ ಬಾಗಿಲಲ್ಲಿದ್ದರು. ಪಾಸ್‌ಪೋರ್ಟಿನ ಪ್ರತಿ ಕಳಿಸಿ, ಶುಲ್ಕ ಕಟ್ಟಿ, ಮಧ್ಯಾಹ್ನದ ಹೊತ್ತಿಗೆ ತಿದ್ದಿದ ಟಿಕೆಟ್ ಬಂದಿತು. ಪಯಣದ ಕಾಗದಗಳಲ್ಲಿ ಉಳಿದಿದ್ದ ಏಕೈಕ ಶುದ್ಧಪಾಠವನ್ನು ಮೇಷ್ಟ್ರು ಹೀಗೆ ಕೈಯಾರೆ ಅಳಿಸಿಹಾಕಿದರು. ಯಾರೂ ನಗಲಿಲ್ಲ. ಮೊದಲು ನಕ್ಕವರು ಅವರೇ.

ಅಂಗ್ಕೋರ್ ವಾಟ್‌ನ ಪೂರ್ವದ ಪಡಸಾಲೆಯಲ್ಲಿ ಸಮುದ್ರಮಥನದ ಉಬ್ಬುಶಿಲ್ಪವಿದೆ. ಉದ್ದ ಸುಮಾರು 49 ಮೀಟರ್. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ಕಟ್ಟಿಸಿದ ಈ ಗುಡಿಯ ಅತಿ ಪ್ರಸಿದ್ಧ ಶಿಲ್ಪ ಅದು. ನಡುವೆ ವಿಷ್ಣು, ಕೆಳಗೆ ಕೂರ್ಮ; ಎಡಕ್ಕೆ ವಾಸುಕಿಯ ಹೆಡೆಯ ಕಡೆ ಅಸುರರು, ಬಲಕ್ಕೆ ಬಾಲದ ಕಡೆ ದೇವತೆಗಳು. ಅಧ್ಯಾಪಕಿ ನಡುಭಾಗಕ್ಕೆ ನೇರವಾಗಿ ನಿಂತರು. ವಿಷ್ಣು ಕಂಡನು, ಮಂದರದ ಸ್ವಲ್ಪ ಭಾಗ ಕಂಡಿತು. ಅವರ ಲೋಕ ಅಲ್ಲಿಗೆ ಮುಗಿಯುತ್ತಿತ್ತು. ಎರಡೂ ಬದಿಗೆ ಹಗ್ಗದಂತೆ ಹಿಗ್ಗಿದ ಆ ಉದ್ದ, ಒಬ್ಬನ ಹಿಂದೆ ಒಬ್ಬ ನಿಂತವರ ಆ ಸಾಲು ಅವರಿಗೆ ಕಾಣುತ್ತಿರಲಿಲ್ಲ. “ಎಷ್ಟು ಜನ ಇದ್ದಾರೆ ಮೇಷ್ಟ್ರೇ?” ಎಂದು ಕೇಳಿದರು.

ಅಸುರರು 92, ದೇವತೆಗಳು 88 ಎಂದು ಪುಸ್ತಕಗಳಲ್ಲಿದೆ. ಅದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಅವರು ಎಡತುದಿಗೆ ನಡೆದುಹೋದರು. ಅಲ್ಲಿಂದ ಒಂದೊಂದು ಮುಖದ ಮುಂದೆ ಒಂದು ಗಳಿಗೆ ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ತಮ್ಮ ದನಿಯಲ್ಲಿ ಎಣಿಸತೊಡಗಿದರು. ಆ ದನಿ ಹೊರಟ ಕಡೆಗೆ ಅಧ್ಯಾಪಕಿ ಮುಖ ತಿರುಗಿಸಿದರು. ಅದು ಸಾಗಿದಂತೆ ಅವರ ನೋಟವೂ ಕಲ್ಲಿನ ಮೇಲೆ ಒಬ್ಬೊಬ್ಬನನ್ನೇ ಹಿಡಿಯುತ್ತ ಸಾಗಿತು. ಬಲತುದಿಯನ್ನು ಮುಟ್ಟುವ ಹೊತ್ತಿಗೆ ಮೇಷ್ಟ್ರ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಒಂದು ವ್ಯತ್ಯಾಸ ಬಂದಿತ್ತು. ಮತ್ತೊಮ್ಮೆ ಎಣಿಸಲೇ ಎಂದು ಅವರು ಕೇಳಿದರು.

“ಬೇಡ,” ಎಂದರು ಅಧ್ಯಾಪಕಿ, “ನೀವು ಕಂಡಂತೆ ಹೇಳಿದಿರಿ. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲಿ.”